ಮಾವನ ಪಾಲಿಗೆ ಬಂದ ತಪ್ಪು

ಆ ಮಧ್ಯಾಹ್ನ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಮಾವ, ಅಂದರೆ ನನ್ನ ಅಮ್ಮನ ತಮ್ಮ, ಕಡಲ ದಂಡೆಯ ಮರಳ ದಿಬ್ಬದ ಮೇಲೆ ನಿಂತು ಹೆಗಲ ಮೇಲಿನ ಕೆಂಪು ಬೈರಾಸನ್ನು, ಅಂದರೆ ಟವೆಲನ್ನು, ತಲೆಯ ಸುತ್ತ ಬೀಸುತ್ತಿದ್ದಾರೆ. ದಂಡೆಗೆ ತೀರ ಹತ್ತಿರದಲ್ಲಿ ನೀರು ಒಂದು ಕಡೆ ಕಪ್ಪಾಗಿದೆ. ಮಳೆ ಇಲ್ಲದಿದ್ದರೂ ಅಲ್ಲಿ ಮಾತ್ರ ಹನಿ ಬಿದ್ದ ಹಾಗೆ ನೀರು ಪುಟಿಯುತ್ತಿದೆ. ಬಂಗುಡೆ ಮೀನಿನ ಹಿಂಡು. ಹಿಂದೆ, ಶಾಲೆಯ ಗೇಟಿನ ಕಡೆಯಿಂದ, ಪಂಚಾಯತ್ ಚುನಾವಣೆಗೆ ಮತ ಹಾಕಲು ಸಾಲು ನಿಂತಿದ್ದವರು ಓಡಿ ಬರುತ್ತಿದ್ದಾರೆ. ಗಂಡಸರು ಲುಂಗಿ ಎತ್ತಿ ಕಟ್ಟಿದ್ದಾರೆ, ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಕೊರೋನಾ ಕಾಲದ ಮಾಸ್ಕುಗಳು ಒಂದೊಂದೇ ಕಿವಿಯಿಂದ ನೇತಾಡುತ್ತಿವೆ.

ತೊಂದರೆ ಏನೆಂದರೆ, ನಾನು ಅಲ್ಲಿರಲಿಲ್ಲ.

ಅಂದು ನಾನು ಶಂಕರನಾರಾಯಣದ ಆಚೆ, ಕಾಡಿನ ಅಂಚಿನ ಒಂದು ಶಾಲೆಯಲ್ಲಿ ಚುನಾವಣಾ ಕರ್ತವ್ಯದಲ್ಲಿದ್ದೆ. ಬ್ರಹ್ಮಾವರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳಿಗೆ ಇದು ಪ್ರತಿ ಚುನಾವಣೆಯಲ್ಲೂ ತಪ್ಪಿದ್ದಲ್ಲ. ಬೆಳಗಿನಿಂದ ಸಂಜೆವರೆಗೆ ಕಂಡವರ ಬೆರಳಿಗೆ ಶಾಯಿ ಹಚ್ಚುತ್ತ ಕುಳಿತಿದ್ದೆ. ನಾನು ದಿನಚರಿ ಬರೆಯುವವಳು. ಆ ದಿನದ ಪುಟದಲ್ಲಿ ಇರುವುದು ಇಷ್ಟೆ: ಚಿತ್ರಾನ್ನ ಹಳಸಿತ್ತು, ಒಬ್ಬ ಅಜ್ಜಿ ಹಾಸಿಗೆ ಹಿಡಿದ ಗಂಡನ ಮತವನ್ನೂ ತಾನೇ ಹಾಕುತ್ತೇನೆಂದು ಹಟ ಹಿಡಿದಳು, ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ. ಕಡಲಿಲ್ಲ, ಬೈರಾಸಿಲ್ಲ. ಆ ದೃಶ್ಯವನ್ನು ನಾನು ಆಮೇಲೆ ಊರವರ ಬಾಯಿಂದ ತುಂಡು ತುಂಡಾಗಿ ಕೇಳಿ ಹೊಲಿದುಕೊಂಡಿರಬೇಕು. ಮಾವನ ಬಳಿ ಕೆಂಪು ಬೈರಾಸು ಇರಲೇ ಇಲ್ಲವೆಂದು ಅವರ ಹೆಂಡತಿ, ನನ್ನ ಅತ್ತೆ, ಹೇಳುತ್ತಾರೆ. ಅವರು ಸದಾ ಹೊದೆಯುತ್ತಿದ್ದದ್ದು ನೀಲಿ ಚೌಕುಳಿಯದಂತೆ. ಹಾಗಿದ್ದೂ ನನ್ನ ನೆನಪಿನಲ್ಲಿ ಅದು ಕೆಂಪಾಗಿಯೇ ಹಾರುತ್ತದೆ. ಕೆಂಪು ಬಣ್ಣವನ್ನು ಬಳಿದವರು ಯಾರೋ, ನನಗೆ ತಿಳಿಯದು.

ನಮ್ಮ ಊರು ಹೆಮ್ಮಾಡಿ ದಾಟಿ ಉತ್ತರಕ್ಕೆ, ಹೆದ್ದಾರಿಗೂ ಕಡಲಿಗೂ ನಡುವೆ ಇದೆ. ಬಸ್ ನಿಲ್ದಾಣದ ಪಕ್ಕದಲ್ಲೇ, ರಸ್ತೆಗೆ ಮೈ ತಾಗುವಷ್ಟು ಹತ್ತಿರ, ತಗಡಿನ ಮಾಡಿನ ಮೀನು ಮಾರ್ಕೆಟ್ ಇತ್ತು. ಅಮ್ಮ ಅಲ್ಲಿ ಕೂತು ಮೀನು ಮಾರುತ್ತಿದ್ದಳು. ನನ್ನ ಓದು, ನನ್ನ ಡಿಗ್ರಿ, ಎಲ್ಲ ಆ ಮಾಡಿನ ಕೆಳಗಿನ ಬುಟ್ಟಿಯಿಂದ ಬಂದದ್ದು. ಬಸ್ಸಿಳಿದವರು ಮೊದಲು ಮೂಗಿನಿಂದ, ಆಮೇಲೆ ಕಣ್ಣಿನಿಂದ ಮಾರ್ಕೆಟ್ಟಿಗೆ ಬರುತ್ತಿದ್ದರು. ರಸ್ತೆ ಅಗಲವಾದ ಮೇಲೆ ಮಾರ್ಕೆಟನ್ನು ಅಲ್ಲಿಂದ ಎಬ್ಬಿಸಿ ಒಳಗಿನ ಓಣಿಗೆ, ಪಂಚಾಯತ್ ಕಚೇರಿಯ ಹಿಂದಿನ ಜಾಗಕ್ಕೆ ಹಾಕುವ ಮಾತು ಹುಟ್ಟಿಕೊಂಡಿತು. ಹೆಂಗಸರು ಬೇಡವೆಂದರು. ಬಸ್ಸಿಳಿದು ಮನೆಗೆ ಓಡುವವರು ಮೀನಿಗಾಗಿ ಓಣಿ ಹೊಗುವುದಿಲ್ಲ ಎಂಬುದು ಅವರ ಲೆಕ್ಕ. ಹಾಗಾಗಿಯೇ ಆ ಸಲದ ಪಂಚಾಯತ್ ಚುನಾವಣೆಗೆ ಅಮ್ಮನ ಪಕ್ಕದ ಬುಟ್ಟಿಯವಳನ್ನು, ಅವಳ ಜೀವದ ಗೆಳತಿಯನ್ನು, ನಿಲ್ಲಿಸಿದರು.

ಅವಳು ಬೆರಳೆಣಿಕೆಯ ಮತಗಳಲ್ಲಿ ಸೋತಳು. ಆ ಒಂದು ಸ್ಥಾನದಿಂದಲೇ ಪಂಚಾಯತಿಯಲ್ಲಿ ಮಾರ್ಕೆಟ್ ಎಬ್ಬಿಸಬೇಕೆಂದಿದ್ದ ಆಚೆಯವರ ಕೈ ಮೇಲಾಯಿತು. ಕೈ ಮೇಲಾದವರು ಠರಾವು ಮಾಡಿದರು. ಮಾರ್ಕೆಟ್ ಹೋಯಿತು.

ಮತಗಟ್ಟೆಯಿಂದ ಓಡಿದವರು ಯಾಕೆ ಓಡಿದರು ಎಂದು ಕಡಲ ಬದಿಯವರಲ್ಲದವರು ಕೇಳುತ್ತಾರೆ. ನಮ್ಮಲ್ಲಿ ಕೈರಂಪಣಿ ಎಂಬ ಉದ್ದದ ಬಲೆ ಉಂಟು. ಹಿಂಡು ದಂಡೆಗೆ ಹತ್ತಿರ ಬಂದಾಗ ದೋಣಿ ಹೋಗಿ ಅದರ ಸುತ್ತ ಬಲೆ ಬಿಡುತ್ತದೆ, ಎರಡೂ ತುದಿಯ ಹಗ್ಗ ದಡಕ್ಕೆ ಬರುತ್ತದೆ, ಊರಿಗೆ ಊರೇ ನಿಂತು ಎಳೆಯುತ್ತದೆ. ಬಲೆಯ ಹೊಟ್ಟೆ ತೆಳು ನೀರಿಗೆ ಬರುವ ಮೊದಲು ಯಾರು ಹಗ್ಗಕ್ಕೆ ಕೈ ಹಚ್ಚಿದರೋ ಅವರಿಗೆಲ್ಲ ಪಾಲು. ವಿಧವೆ, ಕುಡುಕ, ಮುಂಬೈಯಲ್ಲಿ ಹೋಟೆಲು ಮುಚ್ಚಿ ಊರಿಗೆ ಬಂದು ಕೂತವನು, ಯಾರೂ ಆಗಬಹುದು. ಹೆಸರು ಕೇಳುವುದಿಲ್ಲ. ಹಿಂಡು ಮಾತ್ರ ಯಾರಿಗೂ ಕಾಯುವುದಿಲ್ಲ. ಮತಗಟ್ಟೆ ಸಂಜೆವರೆಗೂ ತೆರೆದಿರುತ್ತದೆ ಎಂದು ಎಲ್ಲರೂ ನಂಬಿದ್ದರು. ಎಳೆದು, ಪಾಲು ಹಾಕಿ, ಕಾಲು ತೊಳೆದು ಬಂದರಾಯಿತು ಎಂದುಕೊಂಡರು. ಅಂದಿನ ಬಲೆ ತುಂಬಾ ಭಾರವಿತ್ತಂತೆ. ದಡಕ್ಕೆ ಬರುವಾಗ ಶಾಲೆಯ ಗೇಟು ಮುಚ್ಚಿತ್ತು. ಹಗ್ಗ ಎಳೆದವರಲ್ಲಿ ಹೆಚ್ಚಿನವರು ಅಮ್ಮನ ಗೆಳತಿಗೇ ಮತ ಹಾಕಬೇಕಾಗಿದ್ದವರು.

ಹಿಂಡನ್ನು ಮೊದಲು ಕಂಡು ಕೂಗಿದವರು ಮಾವ. ದೋಣಿಗೆ ಹೋಗುವ ವಯಸ್ಸು ದಾಟಿದ ಮೇಲೆ ಅವರು ಮಾಡುತ್ತಿದ್ದ ಕೆಲಸ ಅದೊಂದೇ, ದಿಬ್ಬದ ಮೇಲೆ ಕೂತು ನೀರು ನೋಡುವುದು. ಹಿಂಡು ಸಿಕ್ಕಿದ ದಿನ ಸಂಜೆ ಅವರು ನಮ್ಮ ಮನೆಯ ಜಗಲಿಗೆ ಬಂದು ಅಮ್ಮನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಅಕ್ಕಾ, ರೇಟ್ ಸಿಕ್ತಾ?"

ಎಷ್ಟು ಎಂದು ಕೇಳುತ್ತಿರಲಿಲ್ಲ. ಅಮ್ಮ "ಸಿಕ್ಕಿತ್" ಅಂದರೆ ನಗುತ್ತಿದ್ದರು, "ಇಲ್ಲ ಮಾರಾಯಾ" ಅಂದರೆ ತಾವೇ ಕಡಿಮೆ ಕೊಟ್ಟವರ ಹಾಗೆ ತಲೆ ಕೆರೆದುಕೊಂಡು ಎದ್ದು ಹೋಗುತ್ತಿದ್ದರು.

ಚುನಾವಣೆಯ ಸಂಜೆ ಅವರು ಬರಲಿಲ್ಲ. ಯಾಕೆಂದರೆ ಎಣಿಕೆಗೆ ಮೊದಲೇ, ಅಂದು ಸಂಜೆಯೇ, ಯಾರ್ಯಾರು ಮತ ಹಾಕಲಿಲ್ಲವೆಂದು ಬೂತಿನಲ್ಲಿ ಪಟ್ಟಿಗೆ ಗೆರೆ ಎಳೆದು ಕೂತಿದ್ದ ನಮ್ಮ ಕಡೆಯ ಹುಡುಗರು ದಾರಿಯಲ್ಲಿ ಅವರನ್ನು ಅಡ್ಡಗಟ್ಟಿದ್ದರು. ಮಾರ್ಕೆಟ್ಟಿನ ಹೆಂಗಸೊಬ್ಬಳು ಎಲ್ಲರೆದುರು ಕೂಗಿ ಹೇಳಿದ ಮಾತು ಆಮೇಲೆ ಊರಿನ ಗಾದೆಯೇ ಆಯಿತು.

"ಹ್ವಾಯ್, ಮೀನ್ ಕಾಂಬ ಕಣ್ಣಿಗೆ ಗಡಿಯಾರ ಕಾಣ್ಲಿಲ್ಯಾ?"

ಆ ದಿನದ ಮೀನನ್ನು ಅದೇ ಹೆಂಗಸು ಮಾರಿದಳು. ಅಮ್ಮನೂ ಮಾರಿದಳು. ಹಳೆಯ ಮಾರ್ಕೆಟ್ಟಿನಲ್ಲಿ ಅಷ್ಟು ತುಂಬಿದ ಬುಟ್ಟಿ ಮತ್ತೆ ಬರಲಿಲ್ಲವೆಂದು ಅವಳೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು, ಹೇಳಿ ಮಾತು ಬದಲಿಸಿದ್ದಳು.

ನನ್ನ ಮತವೂ ಅಂದು ಬೀಳಲಿಲ್ಲ. ಕರ್ತವ್ಯದಲ್ಲಿದ್ದವರ ಮತದ ಕಾಗದಗಳು ಆಚೀಚೆಯಾಗಿ ನನಗೆ ಸಿಗಲೇ ಇಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಸರಕಾರದ ಆದೇಶ ಕೈಯಲ್ಲಿದ್ದವಳ ಗೈರುಹಾಜರಿಯನ್ನು ಕರ್ತವ್ಯ ಅನ್ನುತ್ತಾರೆ, ಹಗ್ಗ ಕೈಯಲ್ಲಿದ್ದವನದ್ದನ್ನು ದ್ರೋಹ ಅನ್ನುತ್ತಾರೆ.

ತಗಡಿನ ಮಾಡನ್ನು ಇಳಿಸಿದ ದಿನ ನಾನು ಊರಲ್ಲೇ ಇದ್ದೆ. ಕೆಲಸದವರು ಒಂದೊಂದೇ ತಗಡನ್ನು ಟೆಂಪೋಗೆ ಎಸೆಯುವಾಗ ಅಮ್ಮ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ನೋಡುತ್ತಿದ್ದಳು. ಆಮೇಲೆ ಯಾರಿಗೂ ಏನೂ ಹೇಳದೆ ಊರದೇವಿ ಅಮ್ಮನವರ ಗುಡಿಗೆ ಹೋದಳು. ನಾನು ಹಿಂದೆ ಹೋದೆ. ಬುಟ್ಟಿಯನ್ನು ಹೊರಗಿಟ್ಟು, ಹೊಸ್ತಿಲ ಎದುರು ನಿಂತು, ಸಂತೆಯಲ್ಲಿ ಕೂಗುವ ದನಿಯಲ್ಲೇ ಹೇಳಿದಳು.

"ಇವತ್ತಿಂದ ನನ್ನ ತಮ್ಮನ ಮನೆ ನೀರ್ ನಾ ಕುಡುದಿಲ್ಲ. ನನ್ನ ಮನೆ ನೀರ್ ಅವ್ನಿಗಿಲ್ಲ. ತಪ್ಪಾಯ್ತ್ ಅಂದೇಳಿ ಅವ ನಿನ್ನೆದ್ರ್ ಬಂದ್ ಹೇಳೂವರಿಗೆ."

ನೀರಿನ ಆಣೆ ನಮ್ಮ ಕಡೆ ಸಣ್ಣ ಮಾತಲ್ಲ. ಆಣೆ ಹಾಕಿದ ಮೇಲೆ ಎರಡು ಮನೆಗಳ ನಡುವೆ ಒಂದು ಲೋಟ ನೀರೂ ದಾಟಬಾರದು. ಬಿಡಿಸಬೇಕಾದರೆ ಇಬ್ಬರೂ ಅದೇ ಗುಡಿಯ ಎದುರು ನಿಲ್ಲಬೇಕು, ತಪ್ಪಿದವರು ತಪ್ಪೆಂದು ಹೇಳಿ ಹುಂಡಿಗೆ ತಪ್ಪು ಕಾಣಿಕೆ ಹಾಕಬೇಕು. ಬಿಡಿಸದೆ ಹೋದರೆ ಸತ್ತ ಮೇಲೂ ಅದು ಹರಿಯುವುದಿಲ್ಲ, ಮುಂದಿನವರ ಕೊರಳಿಗೆ ಬೀಳುತ್ತದೆ.

ಮಾವ ಆ ವರ್ಷವೇ ಊರು ಬಿಟ್ಟು ಕಿರಿಮಂಜೇಶ್ವರದ ಹತ್ತಿರ ಅತ್ತೆಯ ತವರಿನ ಜಾಗದಲ್ಲಿ ಹೋಗಿ ಉಳಿದರು. ಅಲ್ಲೂ ಕಡಲಿದೆ. ಆದರೆ ಅಲ್ಲಿನ ದಿಬ್ಬ ಅವರದ್ದಲ್ಲ.

ನಾನು ಎರಡೂ ಮನೆಗಳ ನೀರು ಕುಡಿಯುತ್ತಿದ್ದೆ. ಆಣೆ ನನಗಿರಲಿಲ್ಲ. ಭಾನುವಾರಗಳಲ್ಲಿ ಬಸ್ಸು ಹಿಡಿದು ಹೋಗುತ್ತಿದ್ದೆ. ಒಂದೆರಡು ವರ್ಷ ಹೀಗೆ ನಡೆಯಿತು. ಆಮೇಲೆ ಮಾವನಿಗೆ ಉಸಿರಿನ ತೊಂದರೆ ಹೆಚ್ಚಿ, ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ಆ ವಾರದಿಂದ ನನಗೆ ಉಳಿದದ್ದು ಒಂದೇ ಕೆಲಸ. ಅವರ ಬಾಯಿಗೆ ಅಕ್ಕನ ಕೈಯಿಂದ ಒಂದು ಗುಟುಕು ನೀರು ಬೀಳುವ ಹಾಗೆ ಮಾಡುವುದು.

ಮೊದಲು ಅಮ್ಮನ ಬಳಿ ಹೋದೆ. ಅವಳು ಹಿತ್ತಿಲಲ್ಲಿ ಕೂತು ಮಾರಾಟವಾಗದೆ ಉಳಿದ ಮೀನನ್ನು ಒಣಗಿಸಲು ಸೀಳುತ್ತಿದ್ದಳು. ಹೊಸ ಮಾರ್ಕೆಟ್ಟಿನಿಂದ ಮೀನು ವಾಪಸು ಬರುವುದು ಆಗ ಅಭ್ಯಾಸವಾಗಿತ್ತು. ನಾನು ತರಗತಿಯಲ್ಲಿ ಮಾಡುವ ಹಾಗೆ ಶುರು ಮಾಡಿದೆ. ಅಮ್ಮಾ, ಆ ಚುನಾವಣೆಯಲ್ಲಿ ಕುಲಗೆಟ್ಟ ಮತಗಳೇ ಸೋತ ಅಂತರಕ್ಕಿಂತ ಜಾಸ್ತಿ ಇದ್ದವು. ಎಲ್ಲಿ ಮುದ್ರೆ ಒತ್ತಬೇಕೆಂದು ತಿಳಿಯದೆ ಎರಡು ಚಿಹ್ನೆಗಳ ನಡುವೆ ಒತ್ತಿದವರು ನಮ್ಮವರೇ. ನಮ್ಮ ಓಣಿಯಿಂದಲೇ ಇನ್ನೊಬ್ಬಳು ನಿಂತು ಮತ ಒಡೆದಳು. ಠರಾವಿನ ದಿನ ನಮ್ಮ ಪರ ಎಂದು ಗೆದ್ದವನೇ ಒಬ್ಬ ಕೈ ಎತ್ತಲಿಲ್ಲ. ಕೊರೋನಾದಲ್ಲಿ ಮನೆ ಬಾಗಿಲಿಗೆ ವ್ಯಾನು ಬಂದು ಮೀನು ಕೊಡುವುದು ಜನಕ್ಕೆ ರೂಢಿಯಾಯಿತು. ರಸ್ತೆಯವರು ಹೇಗೂ ಆ ಜಾಗ ಕೇಳುತ್ತಿದ್ದರು. ಇಷ್ಟೆಲ್ಲ ಸೇರಿ...

"ಸೇರಿ?" ಅಮ್ಮ ಕತ್ತಿ ನಿಲ್ಲಿಸಿದಳು.

"ಸೇರಿ ಆದದ್ದು. ಒಬ್ಬರಿಂದ ಅಲ್ಲ."

"ಹಂಗಾರೆ ಯಾರದ್ದೂ ತಪ್ಪಲ್ಲ. ಮಾರ್ಕೆಟ್ ತಾನೇ ಎದ್ಕಂಡ್ ನಡ್ಕಂಡ್ ಹೋಯ್ತ್."

"ಹಾಗಲ್ಲ ಅಮ್ಮಾ. ಹೇಗೂ ಅದು ಸಾಯುತ್ತಿತ್ತು ಅಂತ..."

"ಸಾವುದ್ ಬೇರೆ, ಕೊಲ್ಲೂದ್ ಬೇರೆ ಹೆಣೆ. ನಂಗೂ ಗೊತ್ತಿತ್, ಎಲ್ರೂ ಒಂದಿನ ಸಾಯ್ತ್ರ್. ಹಂಗಂದೇಳಿ ಕೊಂದವ್ನ ಸುಮ್ನ್ ಬಿಡ್ತ್ರಾ?"

ನನ್ನ ಮಾತು ಸುಳ್ಳಾಗಿರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಅಮ್ಮನಿಗೆ ದುಃಖವನ್ನು ಇಳಿಸಲು ಎಲ್ಲೂ ಕಟ್ಟೆ ಉಳಿಯುತ್ತಿರಲಿಲ್ಲ. ಕಾರಣಗಳನ್ನು ಹೆಚ್ಚು ಮಾಡಿದಷ್ಟೂ ಅವಳ ನಷ್ಟ ಯಾರದ್ದೂ ಅಲ್ಲದ, ವಿಳಾಸವಿಲ್ಲದ ನಷ್ಟವಾಗುತ್ತಿತ್ತು. ಹಿಂದೊಮ್ಮೆ ಮಾರ್ಕೆಟ್ಟಿನವರು ಸೇರಿ ಜೋಯಿಸರ ಬಳಿ ಪ್ರಶ್ನೆ ಇಡಿಸಿದ್ದರು. ಅವರು ಕವಡೆ ಸರಿಸಿ ನಾಗನ ಅಸಮಾಧಾನ ಎಂದಿದ್ದರು. ಅಂದೂ ಅಮ್ಮ ಒಪ್ಪಿರಲಿಲ್ಲ. "ನಾಗ ಓಟ್ ಹಾಕೂಕ್ ಬತ್ತಿಲ್ಲ ಮಾರಾಯ್ರೆ" ಎಂದು ಎದ್ದು ಬಂದಿದ್ದಳು. ಜೋಯಿಸರ ಉತ್ತರಕ್ಕೂ ನನ್ನ ಉತ್ತರಕ್ಕೂ ಅವಳ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ ಎಂದು ನನಗೆ ಆ ಹಿತ್ತಿಲಲ್ಲಿ ಹೊಳೆಯಿತು. ಎರಡರಲ್ಲೂ ಮನುಷ್ಯನೇ ಇಲ್ಲ.

ಕೈ ಎತ್ತಿ ಠರಾವು ಮಾಡಿದವರ ಮೇಲೆ ಅವಳೇಕೆ ಆಣೆ ಹಾಕಲಿಲ್ಲ? ನಾನು ಅದನ್ನೂ ಕೇಳಿದೆ. ಅವಳು ಮೀನಿನ ಕಡೆಗೆ ನೋಡುತ್ತಲೇ ಹೇಳಿದಳು.

"ಅವ್ರ ಮನೆ ನೀರ್ ನಾ ಯಾವಾಗ ಕುಡ್ದಿದ್ದೆ, ಈಗ ಬಿಡೂಕೆ?"

ಈ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ. ಹಾಗಾಗಿ ಇದು ನನ್ನ ಹೊಲಿಗೆಯಲ್ಲ ಎಂಬ ಧೈರ್ಯವಿದೆ. ದೂರವಿದ್ದವರನ್ನು ಶಿಕ್ಷಿಸಲು ಅವಳ ಬಳಿ ಏನೂ ಇರಲಿಲ್ಲ. ತಮ್ಮನಿಂದ ಕಿತ್ತುಕೊಳ್ಳಲು ಒಂದು ಲೋಟ ನೀರು ಇತ್ತು.

ಮಾರನೆಯ ಭಾನುವಾರ ಕಿರಿಮಂಜೇಶ್ವರಕ್ಕೆ ಹೋದೆ. ಮಾವ ಮೂರು ದಿಂಬಿಗೆ ಒರಗಿ ಕೂತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಿಟಕಿಯಿಂದ ತೆಂಗಿನ ಬುಡಗಳು ಕಾಣುತ್ತಿದ್ದವು, ಕಡಲು ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಅಕ್ಕ ಎಂತ ಮಾಡ್ತಿದ್ಲ್?"

"ಮೀನು ಒಣಗಿಸ್ತಿದ್ದಾಳೆ."

"ವಾಪಸ್ ಬಂದದ್ದಾ?" ಅವರ ಮುಖ ಸಣ್ಣದಾಯಿತು.

ನಾನು ಬಂದ ವಿಷಯ ಹೇಳಿದೆ. ಗುಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಇಳಿಯುವುದೂ ಬೇಡ, ಮೊಕ್ತೇಸರರನ್ನು ಕಾರಿನ ಬಳಿಗೇ ಬರಹೇಳುತ್ತೇನೆ, ಒಂದು ಶಬ್ದ ಹೇಳಿದರೆ ಸಾಕು. ಅದು ನಿಜವಾಗಬೇಕೆಂದೇನಿಲ್ಲ. ಅಕ್ಕನಿಗೋಸ್ಕರ.

ಮಾವ ಕೆಮ್ಮು ಮುಗಿಯುವವರೆಗೆ ಕಾದರು.

"ಹೇಳೂಕೆ ಎಂತ, ಬಾಯಿ ಬಿದ್ದ್ ಹೋತ್ತಾ? ಆದ್ರೆ ಮಗಾ, ನಾ ತಪ್ಪಾಯ್ತ್ ಅಂದ ಮೇಲೆ ಮಾರ್ಕೆಟ್ ತೆಗ್ದವ್ರಿಗೆ ನಿದ್ರಿ ಮಸ್ತ್ ಬತ್ತ್. ಆಯ್ತಲೆ, ಕಳ್ಳ ಸಿಕ್ದ ಅಂಬ್ರ್."

ಅತ್ತೆ ಬಾಗಿಲಲ್ಲಿ ನಿಂತಿದ್ದವರು ರೇಗಿದರು. "ಊರಿನ್ ನ್ಯಾಯ ಕಟ್ಕಂಡ್ ನಿಮ್ಗ್ ಎಂತ ಆಯ್ಕ್? ಅಕ್ಕನ್ ಕೈಯಗೆ ನೀರ್ ಕುಡ್ಕಂಡ್ ಹೋಪುದ್ ಕಾಣಿ."

"ನೀ ಸುಮ್ನಿರ್. ಕಡ್ಲಿಗ್ ಬಂದದ್ದನ್ನ ಕಂಡೆ, ಕೂಗ್ದೆ. ಕಂಡೂ ಬಾಯಿ ಮುಚ್ಕಂಡ್ ಕೂಕಂಡಿದ್ರೆ ಆವಾಗ ಬೈತಿದ್ರ್, ಪಾಲ್ ತಪ್ಸದ ಅಂದೇಳಿ."

ನಾನು ಹೊರಡಲು ಎದ್ದಾಗ ಅವರು ದಿಂಬಿನಿಂದ ತುಸು ಮುಂದಕ್ಕೆ ಬಾಗಿ, "ಬಪ್ಪ ವಾರ ಕಾಂಬ. ಒಂಚೂರ್ ಕೆಮ್ಮ್ ಕಮ್ಮಿ ಆಯ್ಲಿ. ಹೋಪ" ಎಂದರು. ಹೋಪ ಅಂದರೆ ಹೋಗೋಣ. ಒಪ್ಪಿಕೊಂಡರೆಂದು ನಾನು ತಿಳಿದೆ. ಈಗ ಯೋಚಿಸಿದರೆ, ಬೇಜಾರಲ್ಲಿ ಹೊರಟು ನಿಂತ ಸೋದರ ಸೊಸೆಯನ್ನು ಸಮಾಧಾನ ಮಾಡಲು ಅಂದದ್ದೂ ಇರಬಹುದು. ಆ ಮಾತಿನ ದನಿ ನನಗೆ ನೆನಪಿಲ್ಲ, ಶಬ್ದ ಮಾತ್ರ ನೆನಪಿದೆ. ದನಿಯಲ್ಲೇ ಎಲ್ಲ ಇತ್ತು.

ಮುಂದಿನ ವಾರ ಬರಲಿಲ್ಲ. ನಡುವೆ ಒಂದು ಬೆಳಗ್ಗೆ ಅತ್ತೆಯ ಫೋನು ಬಂತು.

ಅಮ್ಮ ನನಗಿಂತ ಮೊದಲು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ದಾರಿಯುದ್ದಕ್ಕೂ ರಿಕ್ಷಾದ ಕಂಬಿ ಹಿಡಿದೇ ಕೂತಳು. ಆ ಮನೆಯ ಅಂಗಳಕ್ಕೆ ಅವಳು ಬಂದದ್ದು ಅದೇ ಮೊದಲು. ತೆಂಗಿನ ಮರದವರೆಗೆ ಬಂದು ನಿಂತಳು. ಮಾವನಿಗೆ ಇನ್ನೂ ಸಣ್ಣಗೆ ಉಸಿರಿತ್ತು. ಒಳಗೆ ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು.

ಅತ್ತೆ ಹೊರಗೆ ಬಂದರು. "ಅಕ್ಕ, ಬನಿ. ನೀರ್ ಬಿಡಿ. ಅವ್ರ್ ಬಾಗ್ಲಕಡೆಗೇ ಕಾಂತಿದ್ರ್."

ಅಮ್ಮ ಒಂದು ಹೆಜ್ಜೆ ಇಟ್ಟಳು. ಅವಳ ಬಲಗೈ ಸೆರಗಿನೊಳಗಿಂದ ಹೊರಗೆ ಬಂದಿತ್ತು, ಲೋಟ ಹಿಡಿಯುವ ಹಾಗೆ ಬೆರಳು ಬಾಗಿತ್ತು. ಆಮೇಲೆ ಆ ಕೈ ಮರವನ್ನು ಹಿಡಿಯಿತು.

"ಆಣೆ ಇತ್" ಅಂದಳು. ಅಷ್ಟೇ.

ನಾನು ಒಳಗೆ ಹೋಗಿ ನೀರು ಬಿಟ್ಟೆ. ಅರ್ಧ ಒಳಗೆ ಹೋಯಿತು, ಅರ್ಧ ಕತ್ತಿನ ಕೆಳಗೆ, ನೀಲಿ ಚೌಕುಳಿಯ ಬೈರಾಸಿನ ಮೇಲೆ ಇಳಿಯಿತು. ಅವರ ಕಣ್ಣು ನಿಜವಾಗಿ ಬಾಗಿಲ ಕಡೆ ಇತ್ತೋ, ಅತ್ತೆ ಹೇಳಿದ್ದರಿಂದ ನನಗೆ ಹಾಗೆ ಕಂಡಿತೋ ಗೊತ್ತಿಲ್ಲ. ಹೊರಗೆ ಬಂದಾಗ ಎಲ್ಲ ಮುಗಿದಿತ್ತು. ಅಮ್ಮ ಅದೇ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನವೂ ಅವಳು ಅಲ್ಲೇ ಕೂತಳು. ತಮ್ಮನ ಹೆಸರಿನಲ್ಲಿ ಬಡಿಸಿದ ಎಲೆಯ ಊಟ ಉಣ್ಣದೆ, ನೀರು ಮುಟ್ಟದೆ, ನೆಂಟರು ಎಲೆ ಎತ್ತುವವರೆಗೆ ಕಾದು ಎದ್ದಳು. ಬಿಸಿಲಿಗೆ ತುಟಿ ಒಡೆದಿತ್ತು.

ಸೂತಕ ಕಳೆದ ಮೇಲೆ ಗುಡಿಯ ಮೊಕ್ತೇಸರರು ಹೇಳಿಕಳುಹಿಸಿದರು. ಆಣೆ ಹಾಗೇ ಉಳಿಯಬಾರದು. ನಮ್ಮದು ತಾಯಿಯ ಕಡೆಯಿಂದ ಹರಿಯುವ ಮನೆತನ. ಆಸ್ತಿಯ ವಿಷಯದಲ್ಲಿ ಅದನ್ನೆಲ್ಲ ಕಾನೂನು ಬದಲಿಸಿದೆ, ಗುಡಿಯ ವಿಷಯದಲ್ಲಿ ಬದಲಾಗಿಲ್ಲ. ಮಾವನ ಹಿಂದೆ ನಿಲ್ಲಬೇಕಾದವಳು ಅವರ ಅಕ್ಕನ ಮಗಳು, ನಾನು. ಹೀಗಾಗಿ ಆ ಬೆಳಿಗ್ಗೆ ಗುಡಿಯ ಎದುರು ಒಂದು ಬದಿಗೆ ಅಮ್ಮ, ಅವಳೆದುರು ಅವಳ ತಮ್ಮನ ಜಾಗದಲ್ಲಿ ನಾನು.

ಮೊಕ್ತೇಸರರು ಕನ್ನಡಕ ಒರೆಸಿಕೊಂಡರು. ವಯಸ್ಸಾದ, ಸಜ್ಜನ ಮನುಷ್ಯ.

"ಕಾಣ್ ಮಗಾ, ನಿನ್ ಅಮ್ಮ ಹಾಕದ್ದ್ ಹೀಂಗೆ: ಅವ ಬಂದ್ ತಪ್ಪ್ ಅಂದೇಳಿ ಹೇಳೂವರಿಗೆ. ಅವ ಇಲ್ಲ. ಅವ್ನ್ ಬದ್ಲಿಗ್ ನೀ ಹೇಳ್ಕ್."

ನನ್ನ ಕೈಯಲ್ಲಿ ಕಾಣಿಕೆಯ ನಾಣ್ಯ ಬೆವರುತ್ತಿತ್ತು. ಮಾವ ಹೇಳದೆ ಉಳಿಸಿಕೊಂಡು ಹೋದ ಒಂದೇ ಮಾತು ಅದು. ನಾನು ಇನ್ನೊಂದು ದಾರಿ ಹುಡುಕಿದೆ.

"ತಪ್ಪು ಒಬ್ಬರದ್ದಲ್ಲ, ಎಲ್ಲರದ್ದೂ ಸ್ವಲ್ಪ ಸ್ವಲ್ಪ ಇತ್ತು ಅಂತ ಹೇಳಿದರೆ ಆಗುವುದಿಲ್ಲವೇ?"

ಅವರು ನಗಲಿಲ್ಲ. "ಹಂಗಾರೆ ಊರಿಡೀ ಬಂದ್ ಕಾಣ್ಕಿ ಹಾಕ್ಕ್. ಯಾರ್ ಬತ್ರ್? ನಿಮ್ ಕಾಲೇಜಗೆ ಉದ್ದ ಬರದ್ರೆ ಮಾರ್ಕ್ ಜಾಸ್ತಿ ಕೊಡ್ತ್ರ್ ಕಾಣತ್. ಇಲ್ಲಿ ಆಣೆ ಬಿಡೂಕೆ ಒಂದೇ ಮಾತ್."

ಅಮ್ಮನ ಕಡೆ ನೋಡಿದೆ. ಅವಳು ಗುಡಿಯನ್ನು ನೋಡುತ್ತಿರಲಿಲ್ಲ, ನನ್ನ ಬಾಯನ್ನು ನೋಡುತ್ತಿದ್ದಳು. ಒಡೆದ ತುಟಿ ಇನ್ನೂ ವಾಸಿಯಾಗಿರಲಿಲ್ಲ. ಇಷ್ಟು ಕಾಲ ಅವಳಿಗೆ ಬೇಕಾಗಿದ್ದದ್ದು ತಮ್ಮನ ಸೋಲಲ್ಲ, ತಮ್ಮನ ಮನೆಗೆ ಹೋಗಲು ಒಂದು ದಾರಿ ಎಂದು ಆಗ ನನಗೆ ಅನ್ನಿಸಿತು. ದಾರಿಗೆ ಅಡ್ಡ ಕಲ್ಲು ಇಟ್ಟವಳು ಅವಳೇ. ಎತ್ತುವ ಶಕ್ತಿ ಮಾತ್ರ ಅವಳಿಗಿರಲಿಲ್ಲ. ಇದು ಸರಿಯಾದ ಓದೋ, ಮುಂದೆ ನಾನು ಮಾಡಿದ್ದಕ್ಕೆ ಕಟ್ಟಿಕೊಂಡ ಸಮರ್ಥನೆಯೋ, ಹೇಳಲಾರೆ.

"ತಪ್ಪಾಯ್ತು" ಎಂದೆ. ನಾಣ್ಯ ಹುಂಡಿಯ ತಳಕ್ಕೆ ಬಿದ್ದ ಸದ್ದು ಬಂತು ಎನ್ನುವಷ್ಟರಲ್ಲಿ ಮೊಕ್ತೇಸರರು ಅಮ್ಮನ ಕೈಗೆ ತೀರ್ಥ ಹಾಕಿದರು.

ನೇರವಾಗಿ ಹೆದ್ದಾರಿಗೆ ಬಂದು ಬೈಂದೂರು ಕಡೆಯ ಬಸ್ಸಿಗೆ ಕಾದೆವು. ಮಾರ್ಕೆಟ್ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಇಟ್ಟಿಗೆ ಹಾಸಿದೆ, ಎರಡು ಬೈಕು ನಿಲ್ಲಿಸಿದ್ದರು. ಅಂದು ಠರಾವಿಗೆ ಕೈ ಎತ್ತಿದವರಲ್ಲಿ ಒಬ್ಬ, ನನಗಿಂತ ಚಿಕ್ಕವನು, ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದ. ಗುಡಿಯಿಂದ ಹೆದ್ದಾರಿಗೆ ನಾವು ನಡೆದು ಬರುವ ಮೊದಲೇ ಸುದ್ದಿ ಬಂದಿತ್ತು.

"ಅಂತೂ ಒಪ್ಕಂಡ್ರಲೆ ಮೇಡಂ. ಒಳ್ಳೇದಾಯ್ತ್. ನಾವೂ ಆವತ್ತಿಂದ ಹೇಳ್ತಿತ್, ಜನ ಓಟ್ ಹಾಕದ್ರೆ ನಾವ್ ಎಂತ ಮಾಡೂದ್? ಸುಮ್ನ್ ನಮ್ಗ್ ಬೈತಿದ್ರ್."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದೇ ನನಗೆ ಸಹಿಸಲಾಗದ್ದು. ನಿಜವಾಗಿಯೂ ಅವನ ಎದೆಯಿಂದ ಏನೋ ಇಳಿದ ಹಾಗೆ ಕಾಣುತ್ತಿತ್ತು. ಮಾವ ಹೇಳಿದ್ದ ನಿದ್ದೆ ಅವನ ಮುಖದ ಮೇಲೆ ಆಗಲೇ ಇತ್ತು. ನಾನು ಏನೋ ಉತ್ತರ ಕೊಡಲು ಹೋದೆ. ಕುಲಗೆಟ್ಟ ಮತಗಳಿಂದ ಶುರು ಮಾಡಬೇಕೋ, ಠರಾವಿನಿಂದಲೋ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಬಂತು. ಸತ್ತವರ ಪರವಾಗಿ ನಾನು ಆಡಿದ ಒಂದೇ ಶಬ್ದ ಊರಿನ ಲೆಕ್ಕದಲ್ಲಿ ಕೊನೆಯ ಸಾಕ್ಷಿಯಾಗಿ ಹೋಗಿತ್ತು. ನಾಳೆ ಯಾರಾದರೂ ಆ ಚುನಾವಣೆಯ ಬಗ್ಗೆ ಕೇಳಿದರೆ, ಸ್ವಂತ ಸೊಸೆಯೇ ಅಮ್ಮನವರ ಎದುರು ಒಪ್ಪಿದ್ದಾಳೆ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಬದಿ ಕೂತಳು. ಕಡಲು ರಸ್ತೆಗೆ ಹತ್ತಿರ ಬರುವಲ್ಲಿ ಅವಳು ಮುಖ ತಿರುಗಿಸಿಕೊಂಡದ್ದನ್ನು ಕಂಡೆ.

"ಅಮ್ಮಾ, ಮಾವನದ್ದೇ ತಪ್ಪು ಅಂತ ನಿನಗೆ ಈಗಲೂ ಅನ್ನಿಸ್ತದಾ?"

ಅವಳು ಕಿಟಕಿಯ ಕಡೆ ತಿರುಗದೆಯೇ ಹೇಳಿದಳು. "ಅವ ಕೂಗ್ದೇ ಇಪ್ಪೂಕ್ ಆತಿರ್ಲಿಲ್ಲ. ನಂಗ್ ಗೊತ್ತಿಲ್ಯಾ? ನಾನೇ ಅವ್ನ ಎತ್ಕಂಡ್ ಸಾಕದ್ದ್."

ಹಾಗಾದರೆ ಇಷ್ಟು ವರ್ಷ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳೂ ನನ್ನ ಹಾಗೆ ಕಾರಣಗಳನ್ನು ಹುಡುಕಬೇಕಾಗುತ್ತಿತ್ತು.

ಕಿರಿಮಂಜೇಶ್ವರದಲ್ಲಿ ಇಳಿದು ಓಣಿಯಲ್ಲಿ ನಡೆದೆವು. ಅತ್ತೆಗೆ ಫೋನಿನಲ್ಲಿ ಹೇಳಿದ್ದೆ. ಅವರು ಜಗಲಿಯಲ್ಲಿ ತಂಬಿಗೆ, ಲೋಟ, ತಟ್ಟೆಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು ಕಾಯುತ್ತಿದ್ದರು. ಅಮ್ಮ ತೆಂಗಿನ ಮರದ ಬಳಿ ಒಂದು ಕ್ಷಣ ನಿಂತು, ಮರವನ್ನು ಮುಟ್ಟಿ, ಅಂಗಳ ದಾಟಿ, ಜಗಲಿ ಹತ್ತಿದಳು. ಗೋಡೆಯ ಮೊಳೆಯಲ್ಲಿ ನೀಲಿ ಬೈರಾಸು ಒಗೆದು ಮಡಚಿ ತೂಗುಹಾಕಿತ್ತು.

"ಕೂಕಣಿ ಅಕ್ಕ" ಎಂದು ಅತ್ತೆ ಲೋಟ ಕೊಟ್ಟರು.

ಇದನ್ನು ನಾನು ನೋಡಿದ್ದೇನೆ. ಇಲ್ಲಿ ನಾನಿದ್ದೆ. ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದಳು. ನೀರು ಗಂಟಲಲ್ಲಿ ಇಳಿಯುವ ಸದ್ದು ಕೇಳಿಸಿತು. ಖಾಲಿ ಲೋಟವನ್ನು ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡಳು. ಅತ್ತೆ ಮತ್ತೆ ತುಂಬಿದರು.

"ಅವ ಆವತ್ತಿಂದ್ ಏನಾರೂ ಹೇಳ್ತಿದ್ನಾ?" ಅಮ್ಮ ಕೇಳಿದಳು. "ನಂಗ್ ಬೈತಿದ್ನಾ?"

"ಬಯ್ಲಿಲ್ಲ ಅಕ್ಕ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಒಂದೇ ಕೇಣ್ತಿದ್ರ್. ಆವತ್ತಿನ್ ಬಂಗ್ಡೆಗೆ ಅಕ್ಕಂಗ್ ರೇಟ್ ಸಿಕ್ಕಿತ್ತಾ ಏನೋ, ಕೇಣೂಕೇ ಆಯ್ಲಿಲ್ಲ ಅಂತಿದ್ರ್."

ಅಮ್ಮ ಲೋಟದೊಳಗಿನ ನೀರನ್ನೇ ನೋಡುತ್ತಿದ್ದಳು. ಆಮೇಲೆ ಗೋಡೆಯ ಮೊಳೆಯ ಕಡೆಗೆ ಮುಖ ಎತ್ತಿದಳು.

"ಸಿಕ್ಕಿತ್" ಎಂದಳು.